ರೀಲ್ ಬೆಂಗಳೂರಿನದು, ಕೋರ್ಟು ಶಿರೂರಿನದು

ಪುಣೆಯಿಂದ ಅಹಿಲ್ಯಾನಗರದ ಕಡೆ ಹೋಗುವ ಹೆದ್ದಾರಿಯಲ್ಲಿ ಸುಮಾರು ಐವತ್ತು ಕಿಲೋಮೀಟರ್ ಸಾಗಿದರೆ ಶಿರೂರು ತಾಲ್ಲೂಕಿನ ರಾಂಜಣಗಾಂವ. ಅಷ್ಟವಿನಾಯಕ ಯಾತ್ರೆ ಹೊರಟವರಿಗೆ ಅದು ಮಹಾಗಣಪತಿಯ ಊರು. ಹೊಟ್ಟೆಪಾಡಿಗೆ ಬಂದವರಿಗೆ ಅದು ಎಂಐಡಿಸಿ ಕೈಗಾರಿಕಾ ಪ್ರದೇಶ: ಫ್ರಿಜ್ಜು, ವಾಷಿಂಗ್ ಮಷೀನು, ಕಾರು, ಕಾರಿನ ಬಿಡಿಭಾಗಗಳ ಕಾರ್ಖಾನೆಗಳು, ಅವುಗಳ ಬೆನ್ನಿಗೆ ಬಾಡಿಗೆ ಖೋಲಿಗಳ ಸಾಲು. ಕಲಬುರಗಿ, ಬೀದರ, ವಿಜಯಪುರದ ಕಡೆಯವರು ಪುಣೆಯ ಸುತ್ತಮುತ್ತ ದುಡಿಯಲು ಹೋಗುವುದು ಇವತ್ತು ನಿನ್ನೆಯ ಮಾತಲ್ಲ. ಅಂಥ ಒಬ್ಬ ಗುತ್ತಿಗೆ ಕಾರ್ಮಿಕನಿಗೆ ಸೂಪರ್‌ವೈಸರ್ ‘ಸೋಮವಾರದಿಂದ ಬರಬೇಡ’ ಅಂದ ಅಂತಿಟ್ಟುಕೊಳ್ಳಿ. ಅವನಿಗೆ ಅಂಗಡಿ, ಬಸ್ಸಿಗೆ ಸಾಲುವಷ್ಟು ಮರಾಠಿ ಬರುತ್ತದೆ, ಕೋರ್ಟಿಗೆ ಸಾಲುವಷ್ಟು ಬರುವುದಿಲ್ಲ. ಗುರುತಿನ ವಕೀಲರಿಲ್ಲ. ಕೈಯಲ್ಲಿ ಫೋನಿದೆ. ಕೆಲಸದಿಂದ ತೆಗೆದರೆ ಏನು ಮಾಡಬೇಕು ಎಂದು ಕನ್ನಡದಲ್ಲಿ ಹುಡುಕಿದರೆ ಕರಿಕೋಟು, ಬಿಳಿ ಬ್ಯಾಂಡು ತೊಟ್ಟ ವಕೀಲರೊಬ್ಬರು ಪರದೆಯಲ್ಲಿ ಹಾಜರಾಗಿ ಒಂದೇ ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸುತ್ತಾರೆ. ಕೊನೆಯಲ್ಲಿ ಅವರ ಮೊಬೈಲ್ ನಂಬರ್ ಹೊಳೆಯುತ್ತದೆ.

ನಿಯಮದ ಪ್ರಕಾರ ಆ ನಂಬರ್ ಅಲ್ಲಿರಬಾರದು. ವಕೀಲರ ಪರಿಷತ್ತುಗಳು, ಹೈಕೋರ್ಟುಗಳು ತಲೆ ಕೆಡಿಸಿಕೊಂಡಿರುವುದೆಲ್ಲ ಅದರ ಬಗ್ಗೆಯೇ. ನನಗೆ ಮಾತ್ರ ಆ ವಿಡಿಯೊದಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ವಸ್ತು ಆ ನಂಬರೇ ಅನ್ನಿಸುತ್ತದೆ. ಹೇಳುತ್ತಿರುವುದು ಯಾವ ರಾಜ್ಯದ ಕಾನೂನು, ಯಾವ ತಾರೀಖಿನದು, ಯಾವ ಕೋರ್ಟಿಗೆ ಅನ್ವಯಿಸುತ್ತದೆ ಎಂಬ ಮೂರು ಸಂಗತಿಗಳು ಅಲ್ಲಿ ಇರುವುದಿಲ್ಲ. ಅವು ಇಲ್ಲದ್ದಕ್ಕೆ ಯಾರೂ ನೋಟಿಸು ಕೊಟ್ಟ ಹಾಗೆ ಕಾಣೆ.

ಮೊದಲು ನಿಷೇಧದ ಕತೆ. 1961ರ ವಕೀಲರ ಕಾಯ್ದೆಯ ಅಡಿಯಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ರೂಪಿಸಿದ ವೃತ್ತಿ ನಿಯಮಗಳಲ್ಲಿ 36ನೆಯದು ಈ ಇಡೀ ಜಗಳದ ಮೂಲ. ವಕೀಲ ನೇರವಾಗಿಯಾಗಲಿ ಬಳಸುದಾರಿಯಲ್ಲಾಗಲಿ ಕೆಲಸ ಕೇಳಬಾರದು, ಜಾಹೀರಾತು ಕೊಡಬಾರದು. ಸುತ್ತೋಲೆ ಕೂಡದು, ದಲ್ಲಾಳಿ ಕೂಡದು. ತಾನು ನಡೆಸುತ್ತಿರುವ ಕೇಸಿನ ಬಗ್ಗೆ ಪತ್ರಿಕೆಯಲ್ಲಿ ಬರೆಸುವುದು, ಫೋಟೊ ಹಾಕಿಸುವುದೂ ಕೂಡದು. ಹೆಸರಿನ ಫಲಕ ‘ಸಾಧಾರಣ ಗಾತ್ರ’ದ್ದಾಗಿರಬೇಕು. ಅದರ ಮೇಲೆ ವಕೀಲರ ಸಂಘದ ಅಧ್ಯಕ್ಷ, ಮಾಜಿ ನ್ಯಾಯಾಧೀಶ, ಇಂಥ ಬಗೆಯ ಕೇಸಿನಲ್ಲಿ ಪರಿಣತ ಎಂದೆಲ್ಲ ಬರೆಸುವಂತಿಲ್ಲ. ತಾಲ್ಲೂಕು ಕೋರ್ಟಿನ ಎದುರು ಹಾದುಹೋದವರಿಗೆ ಈ ಸಾಧಾರಣ ಗಾತ್ರ ಎಷ್ಟು ಹಿಗ್ಗಬಲ್ಲದು ಎಂಬುದು ಗೊತ್ತಿದೆ. ಟೇಪು ಹಿಡಿದು ಅಳೆಯಲು ಬಂದವರ ಸುದ್ದಿಯನ್ನು ನಾನಂತೂ ಕೇಳಿಲ್ಲ. ನಿಯಮ ಮುರಿದರೆ 35ನೇ ಕಲಮಿನಡಿ ಶಿಸ್ತುಕ್ರಮ: ಛೀಮಾರಿಯಿಂದ ಹಿಡಿದು ಸನ್ನದು ಅಮಾನತು, ಪಟ್ಟಿಯಿಂದ ಹೆಸರನ್ನೇ ತೆಗೆಯುವವರೆಗೆ.

ಈ ನಿಯಮದ ಹಿಂದೆ ಬರೀ ಬ್ರಿಟಿಷ್ ಬ್ಯಾರಿಸ್ಟರುಗಳ ಬಿಗುಮಾನವಿದೆ ಎಂದು ಹಲವರು ಹೇಳುತ್ತಾರೆ. ಆ ಬಿಗುಮಾನ ಇದ್ದದ್ದು ಹೌದು. ಆದರೆ ಮುಂಬೈಯ ದಾಭೋಳ್ಕರ್ ಪ್ರಕರಣ ಓದಿದರೆ ಮಾತು ಅಷ್ಟಕ್ಕೇ ಮುಗಿಯುವುದಿಲ್ಲ. ಎಸ್ಪ್ಲನೇಡ್ ಪೊಲೀಸ್ ಕೋರ್ಟುಗಳ ಬಾಗಿಲಲ್ಲಿ ಕೆಲವು ವಕೀಲರು ನಿಂತು, ಒಳಗೆ ಬರುವ ಕಕ್ಷಿದಾರರ ಮೇಲೆ ಮುಗಿಬಿದ್ದು, ಕೈಯಲ್ಲಿದ್ದ ಕಾಗದ ಕಸಿದುಕೊಂಡು, ಒಬ್ಬರನ್ನೊಬ್ಬರು ನೂಕಾಡುತ್ತಿದ್ದರು ಎಂಬುದು ಆಪಾದನೆ. ಮಹಾರಾಷ್ಟ್ರದ ಪರಿಷತ್ತು ಅದನ್ನು ದುರ್ನಡತೆ ಎಂದಿತು. ಮೇಲ್ಮನವಿಯಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ 36ನೇ ನಿಯಮವನ್ನು ಅಕ್ಷರಶಃ ಓದಿ ಅವರನ್ನು ಬಿಟ್ಟುಬಿಟ್ಟಿತು. 1975ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ಓದನ್ನು ಒಪ್ಪಲಿಲ್ಲ. ವಕಾಲತ್ತು ವ್ಯಾಪಾರವಲ್ಲ ಎಂಬ ನಿಲುವು ಅಲ್ಲಿಂದಾಚೆಗೆ ಪ್ರತಿ ತೀರ್ಪಿನಲ್ಲೂ ಮಂತ್ರದಂತೆ ಬರುತ್ತಿದೆ. ಪೊಲೀಸು ಹಿಡಿದ ಗಂಡನನ್ನು ಬಿಡಿಸಿಕೊಳ್ಳಲು ಬಂದ ಹೆಂಗಸಿನ ಸೆರಗು ಹಿಡಿದು ಎಳೆಯುವ ಸ್ಥಿತಿಯಲ್ಲಿ ವಕೀಲಿ ಇರಬಾರದು ಎನ್ನುವುದಕ್ಕೆ ಬಿಗುಮಾನ ಬೇಕಿಲ್ಲ.

ಹಾಗಂತ ವಕೀಲರಿಗೆ ಜಾಹೀರಾತು ಎಂದೂ ಇರಲೇ ಇಲ್ಲ ಎನ್ನುವುದು ಶುದ್ಧ ಸುಳ್ಳು. ಜಾತಿ ಸಂಘದ ವೇದಿಕೆ, ಮದುವೆ ಮನೆಯ ಪಂಕ್ತಿ, ಠಾಣೆಯ ಪೇದೆ, ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದಿನ ಪತ್ರ ಬರಹಗಾರ, ಸರ್ಕಾರಿ ಆಸ್ಪತ್ರೆಯ ವಾರ್ಡ್ ಬಾಯ್, ಹಿರಿಯ ವಕೀಲರ ಗುಮಾಸ್ತ, ಇವೆಲ್ಲ ಏನು? ಗಣೇಶೋತ್ಸವದಲ್ಲಿ ರಾಂಜಣಗಾಂವದಿಂದ ಬೆಳಗಾವಿವರೆಗೆ ಹೆದ್ದಾರಿಯುದ್ದಕ್ಕೂ ಎದ್ದು ನಿಲ್ಲುವ ಶುಭಾಶಯದ ಫ್ಲೆಕ್ಸುಗಳಲ್ಲಿ ಹೆಸರಿನ ಹಿಂದೆ ‘ಅಡ್ವೊಕೇಟ್’ ಎಂದು ಇರುವ ಮುಖಗಳನ್ನು ನೋಡಿ. ಗಣಪತಿಗಿಂತ ಅವೇ ದೊಡ್ಡವು. ಇಂಥ ಜಾಲ ಇದ್ದವರಿಗೆ 36ನೇ ನಿಯಮದಿಂದ ಯಾವ ತೊಂದರೆಯೂ ಆಗಿಲ್ಲ. ತೊಂದರೆಯಾದದ್ದು ಅಪ್ಪ ವಕೀಲನಲ್ಲದ, ಊರು ಬಿಟ್ಟು ಬಂದ, ಸಂಜೆ ಹೊತ್ತು ಕ್ಲಬ್ಬಿಗೆ ಹೋಗಲಾಗದ ಹುಡುಗ ಹುಡುಗಿಯರಿಗೆ. ಕನ್ನಡದಲ್ಲಿ ಕಾನೂನು ವಿಡಿಯೊ ಮಾಡುತ್ತಿರುವವರಲ್ಲಿ ಮೊದಲ ತಲೆಮಾರಿನ ವಕೀಲರು, ಅದರಲ್ಲೂ ಹೆಣ್ಣುಮಕ್ಕಳು ಕಣ್ಣಿಗೆ ಬೀಳುವುದಕ್ಕೆ ಕಾರಣವನ್ನು ಇಲ್ಲೇ ಹುಡುಕಬೇಕು.

ದೊಡ್ಡ ಕಾನೂನು ಸಂಸ್ಥೆಗಳ ದಾರಿ ಬೇರೆ. ಇಂಥ ಕಂಪನಿಯ ಇಷ್ಟು ಕೋಟಿಯ ವಹಿವಾಟಿಗೆ ಸಲಹೆ ನೀಡಿದ್ದಕ್ಕೆ ಹೆಮ್ಮೆಯಾಗುತ್ತದೆ ಎಂದು ಲಿಂಕ್ಡ್‌ಇನ್‌ನಲ್ಲಿ ಇಂಗ್ಲಿಷಿನಲ್ಲಿ ಬರೆದರೆ ಅದು ಸುದ್ದಿ. ವಿದೇಶಿ ಶ್ರೇಯಾಂಕ ಪಟ್ಟಿಗಳು, ಪ್ರಶಸ್ತಿ ಸಮಾರಂಭಗಳು, ಪ್ರಾಯೋಜಿತ ವಿಚಾರ ಸಂಕಿರಣಗಳು ಎಲ್ಲ ಗೌರವದ ಸಂಗತಿ. ಅದನ್ನೇ ಚಿಕ್ಕ ಊರಿನ ವಕೀಲರೊಬ್ಬರು ಕನ್ನಡದಲ್ಲಿ, ಹಿಂದೆ ಹಾಡು ಹಾಕಿ ಮಾಡಿದರೆ ವೃತ್ತಿಯ ಘನತೆ ಕುಸಿಯಿತು ಎಂಬ ಕೂಗು. ಹಾಡು ಹಾಕುವುದು ನನಗೂ ಸೇರದು. ಆದರೆ ಸೇರದಿರುವುದು ಬೇರೆ, ದುರ್ನಡತೆ ಬೇರೆ.

2008ರಲ್ಲಿ ಒಂದು ಕಿಟಕಿ ತೆರೆಯಿತು. ಸುಪ್ರೀಂ ಕೋರ್ಟಿನ ಮುಂದಿದ್ದ ವಿ.ಬಿ. ಜೋಶಿ ಅವರ ಅರ್ಜಿಯ ಫಲವಾಗಿ 36ನೇ ನಿಯಮಕ್ಕೆ ತಿದ್ದುಪಡಿಯಾಗಿ, ವಕೀಲರು ಜಾಲತಾಣದಲ್ಲಿ ಹೆಸರು, ವಿಳಾಸ, ಫೋನು, ಇ-ಮೇಲು, ನೋಂದಣಿ ಸಂಖ್ಯೆ, ನೋಂದಣಿಯ ದಿನ, ನೋಂದಣಿಯಾದ ಪರಿಷತ್ತು, ವಿದ್ಯಾರ್ಹತೆ, ಕೆಲಸ ಮಾಡುವ ಕ್ಷೇತ್ರ ಇಷ್ಟನ್ನು ಹಾಕಬಹುದು ಎಂದಾಯಿತು. ಅಂದರೆ ಕಚೇರಿಯ ಗೋಡೆಯ ಮೇಲಿನ ಫಲಕದಲ್ಲಿ ‘ಕೌಟುಂಬಿಕ ವ್ಯಾಜ್ಯಗಳ ಪರಿಣತ’ ಎಂದು ಬರೆಸಿದರೆ ತಪ್ಪು. ಜಾಲತಾಣದಲ್ಲಿ ಕ್ಷೇತ್ರ ಕೌಟುಂಬಿಕ ಕಾನೂನು ಎಂದು ಹಾಕಿದರೆ ಸರಿ. ತಿದ್ದುಪಡಿ ಬರೆದಾಗ ಮೊಬೈಲಿನಲ್ಲಿ ವಿಡಿಯೊ ನೋಡುವವರು ಎಷ್ಟು ಮಂದಿ ಇದ್ದರು? ಇವತ್ತು ಜಾಲತಾಣ ನೋಡುವವರು ಯಾರು? ಕಿಟಕಿ ತೆರೆದದ್ದು ಬೀದಿಯ ಕಡೆಗಲ್ಲ, ಹಿತ್ತಿಲ ಕಡೆಗೆ.

ಚರ್ಚೆಯಲ್ಲಿ ಹೆಚ್ಚಾಗಿ ಮರೆತುಹೋಗುವ ಇನ್ನೊಂದು ನಿಯಮವಿದೆ, 51ನೆಯದು. ವಕೀಲರು ಪಠ್ಯಪುಸ್ತಕ ಸಂಪಾದಿಸಬಹುದು, ಪಾಠ ಹೇಳಬಹುದು, ಉಪನ್ಯಾಸ ಕೊಡಬಹುದು, ಪತ್ರಿಕೆಗೆ ಬರೆಯಬಹುದು, ಪ್ರಸಾರ ಮಾಧ್ಯಮದಲ್ಲಿ ಮಾತನಾಡಬಹುದು. ಆದರೆ ಜಾಹೀರಾತು ನಿಷೇಧಕ್ಕೆ, ಪೂರ್ಣಾವಧಿ ನೌಕರಿಯ ನಿಷೇಧಕ್ಕೆ ಒಳಪಟ್ಟು ಎಂದು ಅದು ಹೇಳುತ್ತದೆ. ಆಕಾಶವಾಣಿಯಲ್ಲಿ ಕೃಷಿಕರಿಗೆ ಪಹಣಿ, ಪೋಡಿ ತಿಳಿಸಿಕೊಟ್ಟವರು, ಕನ್ನಡ ಪತ್ರಿಕೆಗಳ ಕಾನೂನು ಸಲಹೆಯ ಅಂಕಣದಲ್ಲಿ ಓದುಗರ ಪತ್ರಕ್ಕೆ ಉತ್ತರ ಬರೆದವರು ನಿಂತದ್ದು ಈ ನಿಯಮದ ನೆರಳಿನಲ್ಲಿ. ಯೂಟ್ಯೂಬಿಗೂ ಅದೇ ನೆರಳು ಸಲ್ಲಬೇಕು. ವಿಚಿತ್ರವೆಂದರೆ 2024ರ ಡಿಸೆಂಬರಿನಲ್ಲಿ ಮೊಹಮ್ಮದ್ ಕಾಮ್ರಾನ್ ಪ್ರಕರಣದಲ್ಲಿ ಇದೇ ಬಾರ್ ಕೌನ್ಸಿಲ್, ವೃತ್ತಿಯಲ್ಲಿರುವ ವಕೀಲರು ಪೂರ್ಣಾವಧಿಗಾಗಲಿ ಅರೆಕಾಲಿಕವಾಗಲಿ ಪತ್ರಕರ್ತರಾಗುವಂತಿಲ್ಲ ಎಂದು ಸುಪ್ರೀಂ ಕೋರ್ಟಿಗೆ ತಿಳಿಸಿತು. ಹಾಗಾದರೆ 51ನೇ ನಿಯಮದ ‘ಪತ್ರಿಕೋದ್ಯಮ’ ಯಾವುದು? ಪರಿಷತ್ತಿಗೇ ಖಚಿತವಿಲ್ಲದ್ದನ್ನು ಹೊಸ ವಕೀಲ ಹೇಗೆ ಪಾಲಿಸಬೇಕು?

ಬಿಗಿ ಹೆಚ್ಚಿದ್ದು 2024ರಿಂದ. ಆ ವರ್ಷದ ಜುಲೈ 3ರಂದು ಪಿ.ಎನ್. ವಿಘ್ನೇಶ್ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಎಸ್.ಎಂ. ಸುಬ್ರಮಣಿಯಂ ಮತ್ತು ಸಿ. ಕುಮಾರಪ್ಪನ್ ಅವರ ಪೀಠ, ಕ್ವಿಕರ್, ಸುಲೇಖಾ, ಜಸ್ಟ್ ಡಯಲ್‌ನಂಥ ತಾಣಗಳಲ್ಲಿ ವಕೀಲರ ಸೇವೆ ಸರಕಿನ ಹಾಗೆ ಪಟ್ಟಿಯಾಗುವುದನ್ನು ಖಂಡಿಸಿತು. ಜಾಹೀರಾತು ಕೊಡುವ ವಕೀಲರ ಮೇಲೆ ಕ್ರಮ ಕೈಗೊಳ್ಳಲು ರಾಜ್ಯ ಪರಿಷತ್ತುಗಳಿಗೆ ಸೂಚಿಸಬೇಕೆಂದು ಬಾರ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ ಆದೇಶಿಸಿತು. ಅದೇ ತಿಂಗಳು ಸೂಚನೆ ಹೊರಟಿತು. 2025ರ ಮಾರ್ಚ್ 17ರಂದು ಬಾರ್ ಕೌನ್ಸಿಲ್ ಇನ್ನೂ ಕಟುವಾದ ಪ್ರಕಟಣೆ ಹೊರಡಿಸಿತು. ಕಾನೂನು ಸಂಸ್ಥೆಯೊಂದರ ಪ್ರಚಾರದ ವಿಡಿಯೊದಲ್ಲಿ ಹಿಂದಿ ಚಿತ್ರನಟರೊಬ್ಬರು ಕಾಣಿಸಿಕೊಂಡದ್ದು ಚರ್ಚೆಯಾದ ಬೆನ್ನಿಗೇ ಬಂದದ್ದು ಅದು. ನಟರು, ಇನ್‌ಫ್ಲುಯೆನ್ಸರ್‌ಗಳ ಮೂಲಕ ಪ್ರಚಾರ ಮಾಡುವುದನ್ನು ಅದು ಖಂಡಿಸಿತು. ಅರ್ಹತೆಯಿಲ್ಲದೆ ಮದುವೆ, ಜಿಎಸ್‌ಟಿ, ಪೌರತ್ವದಂಥ ವಿಷಯಗಳಲ್ಲಿ ತಪ್ಪು ಮಾಹಿತಿ ಹರಡುವ ಸ್ವಯಂಘೋಷಿತ ಕಾನೂನು ಪಂಡಿತರನ್ನೂ ಹೆಸರೆತ್ತದೆ ಜರೆಯಿತು. ಈ ಎರಡನೆಯ ಮಾತು ನನಗೆ ಮುಖ್ಯ ಅನ್ನಿಸುತ್ತದೆ. ಪ್ರಕಟಣೆಯಲ್ಲಿ ಅದು ಬಾಲಂಗೋಚಿಯ ಹಾಗೆ ಬಂದಿದೆ.

ಇದರ ನಡುವೆ ದಲ್ಲಾಳಿಗಳ ಮೇಲೂ ಕಾನೂನು ಹೊಸದಾಗಿದೆ. 1879ರ ಲೀಗಲ್ ಪ್ರಾಕ್ಟೀಷನರ್ಸ್ ಆ್ಯಕ್ಟಿನಲ್ಲಿದ್ದ ವಿಧಿಯನ್ನು 2023ರ ತಿದ್ದುಪಡಿ ಎತ್ತಿ ತಂದು ವಕೀಲರ ಕಾಯ್ದೆಗೆ 45ಎ ಕಲಮಾಗಿ ಸೇರಿಸಿತು. ಹೈಕೋರ್ಟು, ಜಿಲ್ಲಾ ನ್ಯಾಯಾಧೀಶರು ದಲ್ಲಾಳಿಗಳ ಪಟ್ಟಿ ಮಾಡಿ ಪ್ರಕಟಿಸಬಹುದು. ಪಟ್ಟಿಯಲ್ಲಿ ಹೆಸರಿದ್ದೂ ದಲ್ಲಾಳಿತನ ಮುಂದುವರಿಸಿದರೆ ಮೂರು ತಿಂಗಳವರೆಗೆ ಸೆರೆ ಅಥವಾ ಐನೂರು ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಐನೂರು ರೂಪಾಯಿ! ಒಂದು ಅಪಘಾತದ ಕೇಸು ತಂದುಕೊಟ್ಟವನಿಗೆ ಅದು ಚಹಾದ ಖರ್ಚು.

ಕರ್ನಾಟಕಕ್ಕೆ ಈ ವಿಷಯದಲ್ಲಿ ತನ್ನದೇ ಒಂದು ಅಧ್ಯಾಯವಿದೆ. 2021ರ ಮೇ 31ರಂದು ರಾಜ್ಯದ ಹೈಕೋರ್ಟು ಪ್ರಾಯೋಗಿಕವಾಗಿ ಕಲಾಪದ ನೇರಪ್ರಸಾರ ಶುರು ಮಾಡಿತು. 2022ರ ಜನವರಿ 1ರಿಂದ ಅದಕ್ಕೆ ನಿಯಮಗಳೂ ಬಂದವು. ಕೋರ್ಟಿನ ಒಳಗೆ ಎಂದೂ ಕಾಲಿಡದ ಜನ ಕೂಡ ನ್ಯಾಯಮೂರ್ತಿ ಹೇಗೆ ಪ್ರಶ್ನೆ ಕೇಳುತ್ತಾರೆ, ವಕೀಲರು ಹೇಗೆ ತಡವರಿಸುತ್ತಾರೆ ಎಂಬುದನ್ನು ಮನೆಯಲ್ಲಿ ಕುಳಿತು ನೋಡುವಂತಾಯಿತು. ಒಳ್ಳೆಯ ಕೆಲಸವೇ. ಆದರೆ ಗಂಟೆಗಟ್ಟಲೆ ಕಲಾಪ ಯಾರಿಗೆ ಬೇಕು? ಅದರಿಂದ ನಲವತ್ತು ಸೆಕೆಂಡು ಕತ್ತರಿಸಿ, ಹಿನ್ನೆಲೆ ಸಂಗೀತ ಹಾಕಿ, ‘ಜಡ್ಜ್ ಗರಂ’ ಎಂದು ತಲೆಬರಹ ಕೊಟ್ಟರೆ ಲಕ್ಷ ಲಕ್ಷ ನೋಟ. 2024ರ ಸೆಪ್ಟೆಂಬರಿನಲ್ಲಿ ಇದೇ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರ ವಿವಾದಿತ ಮಾತುಗಳ ತುಣುಕು ಹರಿದಾಡಿ, ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಎತ್ತಿಕೊಂಡು, ವಿಷಾದ ವ್ಯಕ್ತವಾದ ಮೇಲೆ ಮುಗಿಸಿತು. ನೇರಪ್ರಸಾರ ನಿಲ್ಲಿಸುವುದು ಇದಕ್ಕೆ ಮದ್ದಲ್ಲ ಎಂಬ ನಿಲುವನ್ನೂ ತಾಳಿತು. ಅದೇ ವಾರ ಬೆಂಗಳೂರು ವಕೀಲರ ಸಂಘದ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟು, ನೇರಪ್ರಸಾರದ ತುಣುಕುಗಳನ್ನು ಖಾಸಗಿ ಚಾನೆಲ್ಲುಗಳು ಬಳಸದಂತೆ ಮಧ್ಯಂತರ ತಡೆ ಕೊಟ್ಟಿತು.

ವಕೀಲರ ಪ್ರಚಾರಕ್ಕೂ ಇದಕ್ಕೂ ಏನು ನಂಟು ಎಂದರೆ, ಕೋರ್ಟಿನಲ್ಲಿ ತಾನು ವಾದಿಸುವ ತುಣುಕಿಗಿಂತ ದೊಡ್ಡ ಜಾಹೀರಾತು ವಕೀಲನಿಗೆ ಬೇರೆ ಇಲ್ಲ. ಅದು ಸುಳ್ಳೂ ಅಲ್ಲ, ನಡೆದದ್ದೇ. ಆದರೆ ಯಾವ ಮೂವತ್ತು ಸೆಕೆಂಡು ಎಂಬ ಆಯ್ಕೆ ಅವನದು. ಮುಂದಿನ ಮೂವತ್ತು ಸೆಕೆಂಡಿನಲ್ಲಿ ಅರ್ಜಿ ವಜಾ ಆದದ್ದು ಅದರಲ್ಲಿ ಇರುವುದಿಲ್ಲ. ಕಕ್ಷಿದಾರಳ ಸಂಸಾರದ ಗುಟ್ಟು ಊರ ಮುಂದೆ ಬಿದ್ದದ್ದಕ್ಕೆ ಅವಳ ಒಪ್ಪಿಗೆ ಕೇಳಿದವರಿಲ್ಲ. 36ನೇ ನಿಯಮದ ಹಳೆಯ ಮಾತು, ತಾನು ನಡೆಸುವ ಕೇಸಿನ ಜೊತೆ ತನ್ನ ಚಿತ್ರ ಹಾಕಿಸಬಾರದು ಎಂಬುದು, ಇಲ್ಲಿ ಇವತ್ತಿಗೂ ಸರಿಯಾಗಿಯೇ ಇದೆ. ಟಿವಿ ಚರ್ಚೆ, ಫೇಸ್‌ಬುಕ್ ಲೈವ್‌ಗಳಿಂದ ಹೆಸರಾದ ವಕೀಲರೊಬ್ಬರು 2024ರ ಬಿಗ್ ಬಾಸ್ ಕನ್ನಡದ ಮನೆಯವರೆಗೆ ಹೋದದ್ದನ್ನೂ ನಾವು ನೋಡಿದ್ದೇವೆ. ಕರಿಕೋಟು ಈಗ ಒಂದು ಪಾತ್ರ ಕೂಡ ಹೌದು.

ಇನ್ನು ರಾಂಜಣಗಾಂವದ ಖೋಲಿಗೆ ಬರೋಣ. ಅಲ್ಲಿ ನೋಡುವ ಕನ್ನಡ ವಿಡಿಯೊ ಎಷ್ಟು ಸರಿ, ಎಷ್ಟು ತಪ್ಪು ಎಂದು ವಿಷಯವಾರು ತೂಗಿದರೆ ಒಂದು ಗೆರೆ ಕಾಣುತ್ತದೆ. ಚೆಕ್ ಬೌನ್ಸ್ ತಗೊಳ್ಳಿ. ಬ್ಯಾಂಕಿನಿಂದ ಚೆಕ್ಕು ವಾಪಸಾದ ಸುದ್ದಿ ಬಂದ 30 ದಿನದೊಳಗೆ ನೋಟಿಸು, ಕೊಡಬೇಕಾದವನಿಗೆ 15 ದಿನ ಅವಕಾಶ, ಆಮೇಲೆ ಒಂದು ತಿಂಗಳೊಳಗೆ ದೂರು. ಬೆಂಗಳೂರಿನ ವಕೀಲರು ಹೇಳಿದ್ದು ಪುಣೆಗೂ ಹಾಗೇ ಹೊಂದುತ್ತದೆ, ಏಕೆಂದರೆ ಕಾನೂನು ಕೇಂದ್ರದ್ದು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಎಂಬುದೂ ಅಷ್ಟೇ: 2005ರ ತಿದ್ದುಪಡಿ, ಅದರ ಮೇಲೆ 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು, ಎರಡೂ ಇಡೀ ದೇಶಕ್ಕೆ. ಪುಣೆ ಹೆದ್ದಾರಿಯಲ್ಲಿ ಲಾರಿ ಗುದ್ದಿ ಸತ್ತವನ ಹೆಂಡತಿ ಪರಿಹಾರದ ಅರ್ಜಿಯನ್ನು ತಾನು ವಾಸಿಸುವ ಕಲಬುರಗಿಯಲ್ಲೇ ಹಾಕಬಹುದು ಎಂಬುದನ್ನು ಒಂದು ವಿಡಿಯೊ ಸರಿಯಾಗಿ ಹೇಳಿದರೆ ಆ ಮನೆಗೆ ಎಷ್ಟು ಉಪಕಾರ! ಅಂಥ ಅರ್ಜಿಗೆ ಆರು ತಿಂಗಳ ಗಡುವು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ ಎಂಬುದನ್ನೂ ಹೇಳಿದರೆ ಇನ್ನೂ ದೊಡ್ಡ ಉಪಕಾರ. ಆ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ ಎಂಬುದು ಬೇರೆ ಮಾತು.

ಗೆರೆಯ ಆಚೆ ಬದಿಗೆ, ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುವ ಕಾನೂನಿಗೆ ಬಂದರೆ ನೆಲ ಜಾರುತ್ತದೆ. ಹನ್ನೊಂದು ತಿಂಗಳ ಬಾಡಿಗೆ ಕರಾರಿಗೆ ನೋಂದಣಿ ಬೇಡ ಎಂಬುದು ನಮ್ಮಲ್ಲಿ ಕಾನೂನು ಓದದವರಿಗೂ ಬಾಯಿಪಾಠ. ವಿಡಿಯೊಗಳೂ ಅದನ್ನೇ ಹೇಳುತ್ತವೆ. ಮಹಾರಾಷ್ಟ್ರದಲ್ಲಿ ಅದು ನಡೆಯುವುದಿಲ್ಲ. ಅಲ್ಲಿನ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಂತೆ ಲೀವ್ ಅಂಡ್ ಲೈಸೆನ್ಸ್ ಕರಾರು ಎಷ್ಟೇ ತಿಂಗಳಿನದಾಗಲಿ ಬರವಣಿಗೆಯಲ್ಲಿ ಇರಬೇಕು, ನೋಂದಣಿಯಾಗಬೇಕು. ನೋಂದಣಿ ಮಾಡಿಸುವ ಹೊಣೆ ಮನೆ ಮಾಲೀಕನದು, ಮಾಡಿಸದಿದ್ದರೆ ಶಿಕ್ಷೆಯೂ ಅವನಿಗೇ. ಅಷ್ಟೇ ಅಲ್ಲ, ನೋಂದಣಿ ಆಗದಿದ್ದರೆ ಕರಾರಿನ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ, ಮಾಲೀಕ ಬೇರೆ ರೀತಿ ಸಾಬೀತು ಮಾಡುವ ತನಕ. ಅಂದರೆ ಖೋಲಿಯಲ್ಲಿರುವ ಕಾರ್ಮಿಕನ ಪರವಾಗಿಯೇ ಇರುವ ಕಾನೂನು ಇದು. ಕನ್ನಡ ವಿಡಿಯೊ ನೋಡಿದವನಿಗೆ ಅದು ಗೊತ್ತಾಗುವುದಿಲ್ಲ.

ಜಮೀನಿನದು ಇನ್ನೂ ದುಬಾರಿ ತಪ್ಪು. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದವು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂಬ ವಿಡಿಯೊಗಳು ಅಂದಿನಿಂದ ಧಾರಾಳ. ಪುಣೆ ಜಿಲ್ಲೆಗೆ ಅನ್ವಯಿಸುವ ಗೇಣಿ ಮತ್ತು ಕೃಷಿ ಜಮೀನು ಕಾಯ್ದೆಯ 63ನೇ ಕಲಂ ಮಾತ್ರ ಕೃಷಿಕನಲ್ಲದವನಿಗೆ ಅಂಥ ಮಾರಾಟವನ್ನು ತಡೆಯುತ್ತದೆ. ಕೆಲವು ವಿನಾಯಿತಿ ಬಿಟ್ಟರೆ ಕಲೆಕ್ಟರ್ ಕಡೆಯ ಅನುಮತಿ ಬೇಕು. ಹತ್ತು ವರ್ಷ ಓವರ್‌ಟೈಮ್ ದುಡಿದ ದುಡ್ಡು ತೆಗೆದುಕೊಂಡು ಶಿರೂರು ತಾಲ್ಲೂಕಿನಲ್ಲಿ ಗುಂಟೆ ಲೆಕ್ಕದಲ್ಲಿ ಜಾಗ ನೋಡಲು ಹೊರಟವನಿಗೆ ‘ಈಗ ಯಾರು ಬೇಕಾದರೂ ಕೊಳ್ಳಬಹುದು’ ಎಂಬ ಬೆಂಗಳೂರಿನ ಭರವಸೆ ಎಲ್ಲಿಗೆ ಒಯ್ಯುತ್ತದೆ ಎಂದು ಹೇಳಬೇಕಿಲ್ಲ. ಆ ವಿಡಿಯೊ ಮಾಡಿದವರು ಸುಳ್ಳು ಹೇಳಿಲ್ಲ. ‘ಕರ್ನಾಟಕದಲ್ಲಿ’ ಎಂಬ ಒಂದು ಪದ ಬಿಟ್ಟಿದ್ದಾರೆ.

ಕೆಲಸ ಹೋದವನ ಪ್ರಶ್ನೆಗೆ ಬಂದರೆ ಮಹಾರಾಷ್ಟ್ರದಲ್ಲಿ 1971ರ ಒಂದು ಕಾನೂನಿದೆ, ವಕೀಲರು ಅದನ್ನು ‘ಪಲ್ಪ್ ಆ್ಯಕ್ಟ್’ ಎಂದು ಕರೆಯುತ್ತಾರೆ. ಅನ್ಯಾಯದ ಕಾರ್ಮಿಕ ನಡವಳಿಕೆ ಎಂದು ಆರೋಪಿಸಿ ಕಾರ್ಮಿಕ ನೇರವಾಗಿ ಲೇಬರ್ ಕೋರ್ಟಿಗೆ ದೂರು ಕೊಡಲು ಅದು ಬಾಗಿಲು ತೆರೆದಿತ್ತು, 90 ದಿನದೊಳಗೆ. ಕರ್ನಾಟಕದಲ್ಲಿ ಇಂಥ ಪ್ರತ್ಯೇಕ ಕಾನೂನಿಲ್ಲ, ಹಾಗಾಗಿ ಕನ್ನಡದ ವಿಡಿಯೊಗಳಲ್ಲಿ ಇದರ ಸುಳಿವೇ ಇರುವುದಿಲ್ಲ. ಆದರೆ ಪುಣೆಯ ವಕೀಲರ ಮರಾಠಿ ವಿಡಿಯೊ ನೋಡಿದರೂ ಗುತ್ತಿಗೆ ಕಾರ್ಮಿಕ ಪಾರಾಗುವುದಿಲ್ಲ. 2001ರ ಸಿಪ್ಲಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ತಾನು ಗುತ್ತಿಗೆದಾರನ ಆಳಲ್ಲ, ಕಂಪನಿಯ ನೌಕರನೇ ಎಂಬುದನ್ನು ಮೊದಲು ಬೇರೆ ಕಡೆ ಸ್ಥಾಪಿಸಿಕೊಂಡು ಬಂದರೆ ಮಾತ್ರ ಆ ಬಾಗಿಲು ಎಂದುಬಿಟ್ಟಿದೆ. ಒಂದು ನಿಮಿಷದ ರೀಲಿನಲ್ಲಿ ಸಿಪ್ಲಾ ತೀರ್ಪಿಗೆ ಜಾಗವೆಲ್ಲಿ? ಇಷ್ಟರ ಮೇಲೆ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1947ರ ಕೈಗಾರಿಕಾ ವಿವಾದ ಕಾಯ್ದೆಯೇ ನೇಪಥ್ಯಕ್ಕೆ ಸರಿದಿದೆ. ಅದರ ಹಿಂದಿನ ದಿನದವರೆಗೆ ಮಾಡಿದ ಎಲ್ಲ ವಿಡಿಯೊಗಳೂ ಮೊದಲಿನಂತೆಯೇ ಓಡುತ್ತಿವೆ.

ತಾರೀಖಿನ ಈ ರೋಗ ಎಲ್ಲ ಕಡೆ ಹಬ್ಬಿದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ವಂಚನೆಯ 420 ಈಗ 318(4), ಗಂಡನ ಮನೆಯವರ ಕ್ರೌರ್ಯದ 498ಎ ಈಗ 85. ಯೂಟ್ಯೂಬಿನಲ್ಲಿ ಮಾತ್ರ ದಂಡ ಸಂಹಿತೆ ಇನ್ನೂ ಸತ್ತಿಲ್ಲ. ಪತ್ರಿಕೆಯ ಅಂಕಣ ಮರುದಿನ ಹಳೆಯದಾಗುತ್ತಿತ್ತು, ಕಾಗದ ನೋಡಿದರೇ ತಿಳಿಯುತ್ತಿತ್ತು. ವಿಡಿಯೊಗೆ ಮುಪ್ಪಿಲ್ಲ. ಹೆಚ್ಚು ಜನ ನೋಡಿದ ಹಳೆಯ ವಿಡಿಯೊವನ್ನೇ ಅಲ್ಗಾರಿದಂ ಮುಂದೆ ತಳ್ಳುತ್ತದೆ.

ಹೊರ ದೇಶಗಳಲ್ಲಿ ಏನಾಯಿತು ಎಂಬುದನ್ನು ಚಿಕ್ಕದಾಗಿ ನೋಡಬಹುದು. ಅಮೆರಿಕದ ಅರಿಜೋನಾದಲ್ಲಿ ಬೇಟ್ಸ್, ಓಸ್ಟೀನ್ ಎಂಬ ಇಬ್ಬರು ವಕೀಲರು 1976ರಲ್ಲಿ ತಮ್ಮ ಫೀಸಿನ ದರ ಸಮೇತ ಪತ್ರಿಕೆಗೆ ಜಾಹೀರಾತು ಕೊಟ್ಟರು. ಮರುವರ್ಷ ಅಲ್ಲಿನ ಸುಪ್ರೀಂ ಕೋರ್ಟು ಐದು-ನಾಲ್ಕರ ಬಹುಮತದಲ್ಲಿ ನಿಷೇಧವನ್ನು ತಳ್ಳಿಹಾಕಿತು. ಅವರಿಬ್ಬರ ಉದ್ದೇಶ ಬಡ, ಮಧ್ಯಮ ವರ್ಗದವರಿಗೆ ಕಡಿಮೆ ಫೀಸಿನ ಸೇವೆ. ಅದೇ ತೀರ್ಪಿನ ಬಾಗಿಲಿಂದ ಹೆದ್ದಾರಿಯ ಹೋರ್ಡಿಂಗುಗಳಲ್ಲಿ ಬೆರಳು ತೋರಿಸಿ ನಿಲ್ಲುವ ಅಪಘಾತ ವಕೀಲರೂ ಒಳಗೆ ಬಂದರು. ಇಂಗ್ಲೆಂಡಿನಲ್ಲಿ ಸಾಲಿಸಿಟರುಗಳಿಗೆ 1980ರ ದಶಕದಲ್ಲಿ ಅನುಮತಿ ಸಿಕ್ಕಿತು. ಬ್ಯಾರಿಸ್ಟರುಗಳ ಬಿಗುಮಾನವನ್ನು ನಾವು ಕಲಿತ ಮನೆಯಲ್ಲೇ ಅದು ಸಡಿಲವಾಗಿದೆ. ಅಮೆರಿಕದ್ದನ್ನು ನೋಡಿ ಹೆದರುವವರ ಭಯ ಸುಮ್ಮನೆ ಬಂದದ್ದಲ್ಲ; ಆದರೆ ಅಲ್ಲಿ ಫೀಸು ಎಷ್ಟು ಎಂದು ಜನಕ್ಕೆ ಮೊದಲೇ ಗೊತ್ತಾಗುತ್ತದೆ ಎಂಬುದನ್ನೂ ಎಣಿಸಬೇಕು. ನಮ್ಮಲ್ಲಿ ಫೀಸು ಗೊತ್ತಾಗುವುದು ವಕಾಲತ್‌ನಾಮೆಗೆ ಸಹಿ ಬಿದ್ದ ಮೇಲೆ, ಕಂತು ಕಂತಾಗಿ.

ನನ್ನ ತಕರಾರು ಇನ್ನೊಂದಿದೆ, ಅದು ವಕೀಲ ಮಿತ್ರರಿಗೆ ಹಿಡಿಸಲಿಕ್ಕಿಲ್ಲ. 2024ರ ಮೇ 14ರಂದು ಡಿ.ಕೆ. ಗಾಂಧಿ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಬೇಲಾ ತ್ರಿವೇದಿ ಮತ್ತು ಪಂಕಜ್ ಮಿತ್ತಲ್, ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ತೀರ್ಪಿತ್ತರು. ವಕಾಲತ್ತು ವೃತ್ತಿ, ವ್ಯಾಪಾರವಲ್ಲ ಎಂಬ ಅದೇ ತರ್ಕ. ಆ ತೀರ್ಪನ್ನು ವಕೀಲರ ಸಂಘಗಳು ಸ್ವಾಗತಿಸಿದವು. ಈಗ ರೀಲು ಮಾಡುವ ವಕೀಲರು, ಜಾಹೀರಾತಿಗೆ ಸ್ವಾತಂತ್ರ್ಯ ಬೇಕು, ಕಾಲ ಬದಲಾಗಿದೆ ಅನ್ನುತ್ತಾರೆ. ಬದಲಾಗಿದೆ, ಒಪ್ಪಿದೆ. ಆದರೆ ಗಿರಾಕಿ ಕರೆಯುವಾಗ ವ್ಯಾಪಾರ, ಗಿರಾಕಿಗೆ ಮೋಸವಾದಾಗ ವೃತ್ತಿ ಎಂದರೆ ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ. ‘ಬೇಲ್ ಗ್ಯಾರಂಟಿ’ ಎಂದು ವಿಡಿಯೊದಲ್ಲಿ ಹೇಳಿದವರನ್ನು ನಂಬಿ ಕೆಟ್ಟವನಿಗೆ ಗ್ರಾಹಕ ಆಯೋಗವಿಲ್ಲ. ಉಳಿದಿರುವುದು ರಾಜ್ಯ ಪರಿಷತ್ತಿನ ಶಿಸ್ತು ಸಮಿತಿ. ಒಂದು ವರ್ಷದೊಳಗೆ ತೀರ್ಮಾನವಾಗದ ದೂರು ಕಾಯ್ದೆಯ 36ಬಿ ಕಲಮಿನಂತೆ ಬಾರ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ ವರ್ಗವಾಗುತ್ತದೆ. ರಾಂಜಣಗಾಂವದ ಕನ್ನಡಿಗ ಮುಂಬೈಯ ಪರಿಷತ್ತಿಗೆ ಹೋಗಬೇಕೋ ಬೆಂಗಳೂರಿಗೋ, ಅಲ್ಲಿಂದ ದಿಲ್ಲಿಗೋ? ವಿಡಿಯೊದಲ್ಲಿ ನೋಂದಣಿ ಸಂಖ್ಯೆಯೇ ಇಲ್ಲದಿದ್ದರೆ ಯಾವ ಪರಿಷತ್ತು ಎಂದು ಅವನಿಗೆ ಹೇಗೆ ತಿಳಿಯಬೇಕು? ಆ ಕೋಟಿನೊಳಗೆ ಇರುವವರು ವಕೀಲರೇ ಹೌದೋ ಎಂಬುದಾದರೂ?

ಬೇರೆ ಕ್ಷೇತ್ರಗಳನ್ನು ನೋಡಿ. ಹಣಕಾಸಿನ ಸಲಹೆ ಕೊಡುವವರ ವಿಷಯದಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2024ರಲ್ಲಿ, ನೋಂದಣಿಯಿಲ್ಲದ ಸಲಹೆಗಾರರ ಜೊತೆ ತನ್ನ ಅಡಿಯ ಸಂಸ್ಥೆಗಳು ನಂಟು ಇಟ್ಟುಕೊಳ್ಳದಂತೆ ಕಟ್ಟು ಹಾಕಿತು. ಜಾಹೀರಾತು ಕ್ಷೇತ್ರದ ಸ್ವಯಂ ನಿಯಂತ್ರಣ ಮಂಡಳಿ ಎಎಸ್‌ಸಿಐ 2023ರಲ್ಲಿ ಆರೋಗ್ಯ, ಹಣಕಾಸಿನ ಬಗ್ಗೆ ಮಾತನಾಡುವ ಇನ್‌ಫ್ಲುಯೆನ್ಸರ್‌ಗಳು ತಮ್ಮ ಅರ್ಹತೆಯನ್ನು ಎದ್ದು ಕಾಣುವಂತೆ ತೋರಿಸಬೇಕು ಎಂದಿತು. ವೈದ್ಯರಿಗೆ 2023ರ ಆಗಸ್ಟಿನಲ್ಲಿ ಬಂದ ನಿಯಮಗಳಲ್ಲಿ ಸಾಮಾಜಿಕ ಜಾಲತಾಣದ ನಡವಳಿಕೆಯೂ ಇತ್ತು. ಅದೇ ತಿಂಗಳು ಅವನ್ನು ತಡೆಹಿಡಿಯಲಾಯಿತು. ಕಾನೂನಿನ ಕ್ಷೇತ್ರದಲ್ಲಿ ‘ಬೇಡ’ ಎಂಬ ಒಂದೇ ಮಾತಿದೆ, ‘ಹೀಗೆ ಮಾಡಿ’ ಎಂಬುದಿಲ್ಲ. ಬೇಡ ಎಂದದ್ದಕ್ಕೆ ಹೆದರಿ ಬಿಟ್ಟವರು ಸಂಕೋಚದ, ಓದಿಕೊಂಡ ವಕೀಲರು. ಹೆದರದವರು ಪರದೆ ತುಂಬ ಉಳಿದರು.

ಹಾಗಾಗಿ 36ನೇ ನಿಯಮವನ್ನು ಕಿತ್ತೊಗೆಯಿರಿ ಎಂದು ನಾನು ಹೇಳುವುದಿಲ್ಲ. ಗ್ಯಾರಂಟಿ ಕೊಡುವುದು, ಗೆದ್ದ ಕೇಸು ಮೆರೆಸುವುದು, ದುಡ್ಡು ಕೊಟ್ಟು ನಟರಿಂದ ಹೇಳಿಸುವುದು, ಕಕ್ಷಿದಾರರನ್ನು ಕ್ಯಾಮೆರಾ ಮುಂದೆ ತರುವುದು ನಿಂತೇ ಹೋಗಲಿ. ಉಳಿದ ವಿವರಣೆಗೆ 51ನೇ ನಿಯಮದ ನೆರಳು ಖಚಿತವಾಗಿ ಸಿಗಲಿ. ಅದಕ್ಕೆ ಪ್ರತಿಯಾಗಿ ವಿಡಿಯೊದ ಮೊದಲ ಐದು ಸೆಕೆಂಡಿನಲ್ಲಿ ವಕೀಲರ ಹೆಸರು, ನೋಂದಣಿ ಸಂಖ್ಯೆ, ಯಾವ ಪರಿಷತ್ತು, ಯಾವ ರಾಜ್ಯದ ಕಾನೂನು, ಯಾವ ತಾರೀಖಿನವರೆಗೆ ಸರಿ ಎಂಬುದು ಕಡ್ಡಾಯವಾಗಲಿ. 2008ರಲ್ಲಿ ಜಾಲತಾಣಕ್ಕೆ ಒಪ್ಪಿದ ಪಟ್ಟಿಗೇ ಇನ್ನೆರಡು ಸಾಲು ಸೇರಿಸಿದರೆ ಆಯಿತು. ಫೋನ್ ನಂಬರ್ ಆ ಪಟ್ಟಿಯಲ್ಲಿ ಆಗಲೇ ಇದೆ.

ಇದರಿಂದ ಇನ್ನೊಂದು ಲಾಭವೂ ಆಗಬಹುದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಕನ್ನಡ ಮನೆಮಾತಿನ ವಕೀಲರಿದ್ದಾರೆ. ಸನ್ನದು ಮಹಾರಾಷ್ಟ್ರದ್ದು, ಅರ್ಜಿ ಬರೆಯುವುದು ಮರಾಠಿಯಲ್ಲಿ, ಕಕ್ಷಿದಾರರ ಕಷ್ಟ ಕೇಳುವುದು ಕನ್ನಡದಲ್ಲಿ. ಮಹಾರಾಷ್ಟ್ರದ ಬಾಡಿಗೆ, ಜಮೀನು, ಕಾರ್ಮಿಕ ಕಾನೂನನ್ನು ಕನ್ನಡದಲ್ಲಿ ಹೇಳಬಲ್ಲವರು ಅವರೇ. ಅವರಲ್ಲಿ ಹತ್ತು ಮಂದಿ ಕ್ಯಾಮೆರಾ ಮುಂದೆ ಕುಳಿತರೆ ಪುಣೆ ಸುತ್ತಲಿನ ಕನ್ನಡಿಗರಿಗೆ ಬೆಂಗಳೂರಿನ ನೂರು ರೀಲಿಗಿಂತ ಹೆಚ್ಚು ಅನುಕೂಲ. ನಿಷೇಧದ ಗುಮ್ಮ ಅವರನ್ನು ಕೂರಗೊಡುತ್ತಿಲ್ಲವೋ, ಕನ್ನಡದಲ್ಲಿ ನೋಡುವವರು ಪುಣೆಯ ಸುತ್ತ ಇದ್ದಾರೆ ಎಂಬುದೇ ಅವರಿಗೆ ತಿಳಿದಿಲ್ಲವೋ.

ಕೊನೆಯದಾಗಿ, ಯಾರೂ ರೀಲು ಮಾಡದ ಒಂದು ಕಾನೂನಿನ ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಯಾರಿಗೆಲ್ಲ ಉಚಿತ ವಕೀಲರು ಸಿಗಬೇಕು ಎಂದು ಪಟ್ಟಿ ಮಾಡುತ್ತದೆ. ಪರಿಶಿಷ್ಟ ಜಾತಿ, ಪಂಗಡದವರು, ಹೆಂಗಸರು, ಮಕ್ಕಳು, ಬಂಧನದಲ್ಲಿರುವವರು ಎಂಬುದು ಒಂದಷ್ಟು ಜನಕ್ಕೆ ಗೊತ್ತು. ಅದೇ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕರೂ ಇದ್ದಾರೆ. ಅವರಿಗೆ ಆದಾಯದ ಮಿತಿ ಇಲ್ಲ. ಕೇಳಬೇಕಾದದ್ದು ತಾಲ್ಲೂಕು ಕೋರ್ಟಿನ ಕಾನೂನು ಸೇವೆಗಳ ಸಮಿತಿಯಲ್ಲಿ, ಇಲ್ಲವೇ ಪುಣೆಯ ಜಿಲ್ಲಾ ಪ್ರಾಧಿಕಾರದಲ್ಲಿ. ಫೋನಿನಲ್ಲಾದರೆ ರಾಷ್ಟ್ರೀಯ ಸಹಾಯವಾಣಿ 15100. ಈ ನಂಬರನ್ನು ಪರದೆಯ ಕೆಳಗೆ ಹಾಕಿದರೆ ಯಾವ ನಿಯಮವೂ ಅಡ್ಡ ಬರುವುದಿಲ್ಲ.